ನಾಲ್ಕೂ ಚಕ್ರಕ್ಕೆ ಶಕ್ತಿ: ರೈತನ ಮಗ ಹ್ಯಾರಿ ಫರ್ಗ್ಯೂಸನ್

ಭಾಲ್ಕಿ, ಔರಾದ ಕಡೆಯ ರೈತರಿಗೆ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಹೆಸರು ಹೊಸದಲ್ಲ. ಆ ಹೆಸರಿನ ಅರ್ಧ ಭಾಗ ಒಬ್ಬ ರೈತನ ಮಗನದು. ಇಂದಿನ ಎಸ್‌ಯುವಿ ಕಾರುಗಳಲ್ಲಿ ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವ ವ್ಯವಸ್ಥೆಯ ಹಿಂದೆಯೂ ಅವರ ಶ್ರಮವಿದೆ.

ಹ್ಯಾರಿ ಫರ್ಗ್ಯೂಸನ್ 1884ರ ನವೆಂಬರ್ 4ರಂದು ಐರ್ಲೆಂಡಿನ ಡ್ರೊಮೋರ್ ಹತ್ತಿರ ಹುಟ್ಟಿದರು. 1902ರಲ್ಲಿ ಬೆಲ್‌ಫಾಸ್ಟ್ ನಗರದ ಅಣ್ಣನ ಗ್ಯಾರೇಜ್ ಸೇರಿದರು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನ ಹಾರಿಸಿದರು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರು ಅವರೇ.

ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದವು. ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ಹೀಗೆ ಎಷ್ಟೋ ಜನ ಸತ್ತರು. ಫರ್ಗ್ಯೂಸನ್ ಅವರು ನೇಗಿಲನ್ನು ಮೂರು ಕಡೆ ಜೋಡಿಸಿ ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವ ವಿಧಾನ ತಂದು ಈ ಅಪಾಯ ಕಡಿಮೆ ಮಾಡಿದರು. ನಮ್ಮ ಹೊಲಗಳ ಟ್ರ್ಯಾಕ್ಟರುಗಳಲ್ಲಿ ಇಂದಿಗೂ ಅದೇ ಜೋಡಣೆ ಇದೆ.

1938ರಲ್ಲಿ ಅವರು ಹೆನ್ರಿ ಫೋರ್ಡ್ ಜೊತೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದ ಬರೆಯಲಿಲ್ಲ. ಫೋರ್ಡ್ ಮೊಮ್ಮಗನ ಕಾಲದಲ್ಲಿ ಕಂಪನಿ ಆ ಒಪ್ಪಂದ ಕೈಬಿಟ್ಟಿತು. ಫರ್ಗ್ಯೂಸನ್ ಕೋರ್ಟಿಗೆ ಹೋಗಿ 25 ಕೋಟಿ ಡಾಲರಿಗೂ ಹೆಚ್ಚು ಕೇಳಿದರು. 1952ರಲ್ಲಿ ರಾಜಿಯಾಗಿ ಸಿಕ್ಕಿದ್ದು 92.5 ಲಕ್ಷ ಡಾಲರ್. ಬಾಯಿಮಾತಿನ ಕರಾರು ಕಾನೂನಿನಲ್ಲಿ ನಡೆದರೂ ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ವಾಣಿಜ್ಯ ವಿಭಾಗದ ನಾವು ಇದರಿಂದ ತಿಳಿಯಬಹುದು.

ಕೊನೆಯ ಹತ್ತು ವರ್ಷ ಅವರು ಕಾರುಗಳು ಜಾರಿ ಅಪಘಾತವಾಗುವುದನ್ನು ತಡೆಯಲು ನಾಲ್ಕು ಚಕ್ರದ ಎಳೆತದ ಮೇಲೆ ಹಣ, ಸಮಯ ಸುರಿದರು. ಆದರೆ 1960ರ ಅಕ್ಟೋಬರ್ 25ರಂದು ತೀರಿಕೊಂಡರು. ಅವರ ವ್ಯವಸ್ಥೆಯಿದ್ದ ಜೆನ್ಸನ್ ಎಫ್‌ಎಫ್ ಕಾರು ಮಾರಾಟಕ್ಕೆ ಬಂದದ್ದು 1966ರಲ್ಲಿ.

ಅವರ ಜೊತೆಗಾರ ಟೋನಿ ರೋಲ್ಟ್ 1971ರಲ್ಲಿ ಬೇರೆ ಕಂಪನಿ ಕಟ್ಟಿ ವಿಸ್ಕಸ್ ಕಪ್ಲಿಂಗ್ ಅನ್ನು ಬೆಳೆಸಿದರು. ಅದು ಮುಚ್ಚಿದ ಡಬ್ಬಿ. ಒಳಗೆ ತೆಳು ಪ್ಲೇಟುಗಳು, ದಪ್ಪನೆಯ ಸಿಲಿಕೋನ್ ಎಣ್ಣೆ. ಒಣ ರಸ್ತೆಯಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಕೆಸರಿನಲ್ಲಿ ಅವು ಸುಮ್ಮನೆ ತಿರುಗತೊಡಗಿದರೆ ಪ್ಲೇಟುಗಳ ವೇಗ ಬೇರೆಬೇರೆಯಾಗುತ್ತದೆ, ಎಣ್ಣೆ ಬಿಗಿ ಹಿಡಿಯುತ್ತದೆ, ಶಕ್ತಿ ಹಿಂದಿನ ಚಕ್ರಗಳಿಗೂ ಹೋಗುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಈ ಕೆಲಸವನ್ನು ಸೆನ್ಸರ್ ಮತ್ತು ಕಂಪ್ಯೂಟರ್ ನಡೆಸುವ ಕ್ಲಚ್ ಮಾಡುತ್ತದೆ.

ಒಂದು ಮಾತು ನೆನಪಿರಲಿ ಗೆಳೆಯರೇ. ಈ ವ್ಯವಸ್ಥೆ ಕಾರನ್ನು ಕೆಸರಿನಿಂದ ಎಳೆಯುತ್ತದೆ, ಬ್ರೇಕಿನ ಬಲ ಹೆಚ್ಚಿಸುವುದಿಲ್ಲ. ಮಳೆಗಾಲದಲ್ಲಿ ನಿಧಾನವಾಗಿಯೇ ಓಡಿಸಬೇಕು. ಫರ್ಗ್ಯೂಸನ್ ಅವರು ದುಡಿದದ್ದು ಜೀವ ಉಳಿಸುವುದಕ್ಕೆ.