ಔಷಧ ಸೋತ ರಾತ್ರಿಗಳಲ್ಲಿ ಬಾಬಾಸಾಹೇಬರು

ಇಂದಿನ ಚಿಂತನೆ



ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿಯ ವೇದಿಕೆಗಳಲ್ಲಿ ಬಾಬಾಸಾಹೇಬರ ಜೀವನ ಎಂದು ಹೇಳುವುದು ಮಹಾಡ್, ಪುಣೆ ಒಪ್ಪಂದ, ಸಂವಿಧಾನ, ನಾಗಪುರ. ದಿನಕ್ಕೆ 18 ತಾಸು ಓದುತ್ತಿದ್ದರು ಎಂಬುದಂತೂ ಬಂದೇ ಬರುತ್ತದೆ. ಅವರ ಮೈ ಹೇಗಿತ್ತು, ರಾತ್ರಿ ನಿದ್ದೆ ಬರುತ್ತಿತ್ತೇ ಎಂಬುದನ್ನು ಯಾರೂ ಹೇಳುವುದಿಲ್ಲ. ಇವತ್ತು ಅದನ್ನೇ ಬರೆಯುತ್ತೇನೆ.

ಕಾರಣ ಇದೆ. ನನಗೆ 16 ವರ್ಷದಿಂದ ಅರೆತಲೆನೋವು. ಕಮಲಾಪುರದ ಶಾಲೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆದರೆ ಸಾಕು, ಎರಡನೇ ಪಿರಿಯಡ್ ಹೊತ್ತಿಗೆ ಬೋರ್ಡಿನ ಅಕ್ಷರ ಒಡೆದು ಕಾಣುತ್ತವೆ. ಮೊದಲ ಮಾತ್ರೆ ಆರು ವರ್ಷ ನಡೆಯಿತು, ಎರಡನೆಯದು ಮೂರು ವರ್ಷ. ಈಗ ಯಾವುದೂ ಹಿಡಿಯುತ್ತಿಲ್ಲ. ನೋವಿಗಿಂತ ಅದರ ಹಿಂದೆ ಬರುವ ಮಂಕು ದೊಡ್ಡದು. ಆಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಆ 18 ತಾಸಿನ ಚಿತ್ರವನ್ನು ಕಳಿಸುತ್ತಾರೆ. ಬಾಬಾಸಾಹೇಬರು ಇಷ್ಟು ದುಡಿದರು, ನಾವು ತಲೆನೋವಿಗೆ ಮಲಗುತ್ತೇವೆ ಎಂಬ ಅರ್ಥ. ಹೀಗೆ ಮಲಗಿದವರು ನಮ್ಮ ಬಳಗದಲ್ಲಿ ನಾನೊಬ್ಬಳೇ ಅಲ್ಲ ಎಂದು ನನಗೆ ಗೊತ್ತು.

ಬಾಬಾಸಾಹೇಬರಿಗೆ ಇದ್ದದ್ದು ಅರೆತಲೆನೋವಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಅದರ ಜೊತೆ ನರಗಳ ಉರಿತ, ಕಾಲುನೋವು. ಆದರೆ ಮೈಯ ನೋವಿಗೂ ಮೊದಲೇ ಮನಸ್ಸು ಬಹಳ ಪೆಟ್ಟು ತಿಂದಿತ್ತು. ರಮಾತಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತರೊಬ್ಬರೇ. ಮುದ್ದಿನ ಮಗ ರಾಜರತ್ನ 1926ರ ಜುಲೈನಲ್ಲಿ ತೀರಿಕೊಂಡಾಗ, ಬದುಕಿನಲ್ಲಿ ರುಚಿಯೇ ಹೋಯಿತೆಂದು ಅವರು ಗೆಳೆಯರೊಬ್ಬರಿಗೆ ಕಾಗದ ಬರೆದರು. ಮುಂದೆ 1935ರ ಮೇ 27ರಂದು ರಮಾತಾಯಿಯೂ ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂಬ ಘೋಷಣೆ ಮಾಡಿದರು. ಆ ಘೋಷಣೆ ನಮಗೆಲ್ಲ ಬಾಯಿಪಾಠ. ಅದಕ್ಕೂ ಮುಂಚಿನ ಆ ಐದು ತಿಂಗಳು ಅವರ ಮನೆ ಹೇಗಿತ್ತೆಂದು ನಾವು ಯೋಚಿಸುವುದಿಲ್ಲ.

1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು. 1948ರ ಫೆಬ್ರವರಿ 21ರಂದು ಕರಡು ಸಂವಿಧಾನವನ್ನು ಸಭೆಯ ಅಧ್ಯಕ್ಷರಿಗೆ ಒಪ್ಪಿಸಿದರು. ಈ ಎರಡು ತಾರೀಕುಗಳ ನಡುವೆಯೇ ಅವರ ಕಾಯಿಲೆ ಕೆರಳಿದ್ದು. ನೋವು ನಡುರಾತ್ರಿ ಶುರುವಾದರೆ ಬೆಳಗಿನವರೆಗೂ ಬಿಡುತ್ತಿರಲಿಲ್ಲ. ಸುಮಾರು 15 ದಿನ ನಿದ್ದೆಯೇ ಇಲ್ಲ ಎಂದು ಮುಂಬೈಯ ಆಪ್ತರಿಗೆ ಬರೆದು ತಿಳಿಸಿದರು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು, ಹೋಮಿಯೋಪತಿಯನ್ನೂ ನೋಡಿದರು. ಎರಡರಿಂದಲೂ ಆರಾಮ ಸಿಗಲಿಲ್ಲ. ವಾಸಿಯಾಗದ್ದನ್ನು ಸಹಿಸುವುದನ್ನು ಕಲಿಯಬೇಕು ಎಂಬ ಮಾತಿಗೆ ಅವರು ಬಂದದ್ದು ಆಗಲೇ.

ಕರಡು ಸಮಿತಿಯ ಇನ್ನುಳಿದವರ ಬಗ್ಗೆ ಟಿ.ಟಿ. ಕೃಷ್ಣಮಾಚಾರಿಯವರು 1948ರ ನವೆಂಬರ್‌ನಲ್ಲಿ ಸಭೆಯಲ್ಲೇ ಹೇಳಿದ್ದು ನಮಗೆ ಗೊತ್ತು. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಹೊಣೆಯೆಲ್ಲ ಅಂಬೇಡ್ಕರರ ಮೇಲೆ ಬಿತ್ತು. ಒಂದಿಬ್ಬರು ಆರೋಗ್ಯದ ಕಾರಣಕ್ಕೆ ದೆಹಲಿಯಿಂದ ದೂರವಿದ್ದರು ಎಂಬ ಮಾತೂ ಅದರಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಒಂದು ಗಳಿಗೆ ತಡೆದಂತಾಗುತ್ತದೆ. ದೆಹಲಿಯಲ್ಲೇ ಉಳಿದು ಕೆಲಸ ಮಾಡಿದವರ ಆರೋಗ್ಯ ಹೇಗಿತ್ತು?

ಒಂದು ಔಷಧ ನಡೆಯದಿದ್ದರೆ ಇನ್ನೊಂದನ್ನು ನೋಡುವುದು ಧಮ್ಮಕ್ಕೆ ಹೊರಗಿನದಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಪಿಲಿಂದವಚ್ಛ ಎಂಬ ಭಿಕ್ಖುವಿನ ತಲೆನೋವಿನ ಪ್ರಸಂಗ ಬರುತ್ತದೆ. ಬುದ್ಧರು ಮೊದಲು ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಅನುಮತಿ ಕೊಟ್ಟರು. ಕಡಿಮೆಯಾಗಲಿಲ್ಲ. ಮೂಗಿಗೆ ಔಷಧ ಬಿಡಿಸಿದರು. ಅದು ಸೋರಿಹೋಯಿತು, ಅದಕ್ಕೊಂದು ಬಿಡುವ ಸಾಧನ ಬಂತು. ಎರಡು ಹೊಳ್ಳೆಗೂ ಸಮ ಬೀಳಲಿಲ್ಲ, ಜೋಡಿ ಕೊಳವೆಯದು ಬಂತು. ಆಗಲೂ ಗುಣವಿಲ್ಲ. ಆಮೇಲೆ ಔಷಧದ ಹೊಗೆ. ಹೊಗೆಯಿಂದ ಗಂಟಲು ಸುಟ್ಟಿತು ಎಂದಾಗ ಹೊಗೆ ಎಳೆಯಲು ನಳಿಗೆ. ಒಬ್ಬ ಭಿಕ್ಖುವಿನ ತಲೆನೋವಿಗೆ ಇಷ್ಟು ಸಲ ನಿಯಮ ಬದಲಾಯಿತು. ಧ್ಯಾನ ಸಾಲದು ಎಂದೋ, ಹಿಂದಿನ ಜನ್ಮದ ಫಲ ಎಂದೋ ಆ ಪ್ರಸಂಗದಲ್ಲಿ ಎಲ್ಲೂ ಇಲ್ಲ. ನಮ್ಮ ಓಣಿಗಳಲ್ಲಿ ಮಾತ್ರ ಈಗಲೂ ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು, ಕೊನೆಗೆ ಕರ್ಮ ಎನ್ನುವುದು ಬಿಟ್ಟಿಲ್ಲ. ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಬರುತ್ತದೆಂಬ ವಾದವನ್ನು ಬಾಬಾಸಾಹೇಬರು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪರೀಕ್ಷಿಸಿ ತಳ್ಳಿಹಾಕಿದ್ದಾರೆ. ನಿದ್ದೆ ಕೊಡದ ಕಾಯಿಲೆಯೊಂದಿಗೆ ಬದುಕಿದ ಮನುಷ್ಯ ಅದನ್ನು ಬರೆದದ್ದು ಎಂಬುದು ನನಗೆ ಮುಖ್ಯ.

ಅವರ ಕಥೆಗೆ ಮರಳೋಣ. ಮನೆಯಲ್ಲಿ ನೋಡಿಕೊಳ್ಳುವವರು ಬೇಕೇ ಬೇಕು ಎಂದು ವೈದ್ಯರು ಪಟ್ಟು ಹಿಡಿದರು. ರಮಾತಾಯಿ ಹೋದ ಮೇಲೆ ಮತ್ತೆ ಮದುವೆ ಬೇಡ ಎಂದಿದ್ದವರು ಅವರು. ಮುಂಬೈಯಲ್ಲಿ ಡಾ. ಮಾಳವಣಕರರ ಚಿಕಿತ್ಸೆಯಲ್ಲಿದ್ದಾಗ ಡಾ. ಶಾರದಾ ಕಬೀರರ ಪರಿಚಯವಾಗಿತ್ತು. 1948ರ ಏಪ್ರಿಲ್ 15ರಂದು ದೆಹಲಿಯಲ್ಲಿ ಮದುವೆಯಾಯಿತು, ಅವರು ಸವಿತಾ ಆದರು. ಊಟದ ಪಥ್ಯ, ಇನ್ಸುಲಿನ್, ಮಲಗುವ ಹೊತ್ತು ಎಲ್ಲ ಅವರ ಕೈಗೆ ಬಂತು. ಮಾಯಿಸಾಹೇಬರ ಬಗ್ಗೆ ನಮ್ಮವರಲ್ಲೇ ಇಂದಿಗೂ ಎರಡು ಮಾತಿದೆ. ಆ ಜಗಳ ಇಲ್ಲಿ ಬೇಡ. ಇಷ್ಟು ದೊಡ್ಡ ಮನುಷ್ಯ ತನ್ನಿಂದ ಒಬ್ಬಂಟಿಯಾಗಿ ಆಗುವುದಿಲ್ಲ ಎಂದು ಒಪ್ಪಿ, ಆರೈಕೆಗೆ ಮೈ ಒಡ್ಡಿದರು. ನಾನು ನೋಡುವುದು ಅದನ್ನು.

1951ರ ಆಗಸ್ಟ್‌ನಲ್ಲಿ ಅವರು ನೆಹರೂ ಅವರಿಗೆ ಪತ್ರ ಬರೆದು, ವೈದ್ಯರು ದೀರ್ಘ ಚಿಕಿತ್ಸೆಗೆ ಒತ್ತಾಯಿಸುತ್ತಿದ್ದಾರೆ, ಅದಕ್ಕೂ ಮೊದಲು ಹಿಂದೂ ಕೋಡ್ ಬಿಲ್ ಮುಗಿಯಲಿ ಎಂದು ಕೇಳಿದರು. ಮುಗಿಯಲಿಲ್ಲ. ಸೆಪ್ಟೆಂಬರ್ 27ರಂದು ರಾಜೀನಾಮೆ ಪತ್ರ ಬರೆದರು. 1952ರ ಚುನಾವಣೆಯಲ್ಲಿ ಮುಂಬೈಯಲ್ಲಿ ಸೋತರು, 1954ರಲ್ಲಿ ಭಂಡಾರಾದಲ್ಲೂ ಸೋತರು. ನಡುವೆ 1953ರ ಜನವರಿಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು; ನಮ್ಮ ಕಲಬುರಗಿ ಆಗ ಅದೇ ಹೈದರಾಬಾದ್ ರಾಜ್ಯದಲ್ಲಿತ್ತು. 1955ರ ಹೊತ್ತಿಗೆ ಊರುಗೋಲು ಅಥವಾ ಒಬ್ಬರ ಹೆಗಲು ಇಲ್ಲದೆ ನಡೆಯಲಾಗುತ್ತಿರಲಿಲ್ಲ. ಉಸಿರಾಟದ ತೊಂದರೆ, ಕಣ್ಣು ಮಂಜು. ಕೆಲವೊಮ್ಮೆ ಆಮ್ಲಜನಕ ಕೊಡಬೇಕಾಗುತ್ತಿತ್ತು.

ಅವರು ಅಳುತ್ತಿದ್ದರು. ಇದನ್ನು ದಾಖಲಿಸಿದವರು ಅವರ ಟೈಪಿಸ್ಟ್ ನಾನಕ್‌ಚಂದ್ ರತ್ತು. ಹಗಲು ಸರ್ಕಾರಿ ಕೆಲಸ ಮುಗಿಸಿ ಸಂಜೆ ಅಲಿಪುರ ರಸ್ತೆಯ 26ನೇ ನಂಬರಿನ ಮನೆಗೆ ಬಂದು ಹಸ್ತಪ್ರತಿ ಟೈಪು ಮಾಡುತ್ತಿದ್ದ ಪಂಜಾಬಿನ ಯುವಕ ಅವರು. 1956ರ ಜುಲೈ ಕೊನೆಯಲ್ಲಿ, ಯಾಕಿಷ್ಟು ಮಂಕಾಗಿದ್ದೀರಿ ಎಂದು ಧೈರ್ಯ ಮಾಡಿ ಕೇಳಿದಾಗ ಬಾಬಾಸಾಹೇಬರು ಮನಸ್ಸು ಬಿಚ್ಚಿದರು. ಓದಿ ಮುಂದೆ ಬಂದವರು ತಮ್ಮ ಹೊಟ್ಟೆ ನೋಡಿಕೊಂಡರು, ಹಳ್ಳಿಯ ಭೂಮಿಯಿಲ್ಲದ ಜನಕ್ಕೆ ಏನೂ ಮಾಡಲಾಗಲಿಲ್ಲ, ಬರೆದ ಪುಸ್ತಕಗಳು ಅಚ್ಚಾಗದೆ ಉಳಿದವು ಎಂದರು. ಹೇಳುತ್ತ ಕಣ್ಣೀರು ಬಂತು. ಸಂಬಳ ಬರುವ ಕೆಲಸದಲ್ಲಿರುವ ನಾವು ಆ ಮೊದಲನೆಯ ಮಾತನ್ನು ಓದಿ ತಲೆ ತಗ್ಗಿಸುತ್ತೇವೆ, ಸರಿ. ಆದರೆ ಆ ಸಂಜೆ ಅವರು ಅತ್ತರು, ಒಬ್ಬರ ಮುಂದೆ ಅತ್ತರು, ಅದನ್ನು ಕೇಳಲು ಒಬ್ಬರು ಅಲ್ಲಿ ಕೂತಿದ್ದರು.

ಆ ವರ್ಷಗಳಲ್ಲೇ ಅವರು ಪಿಟೀಲು ಕಲಿಯಲು ಕೂತಿದ್ದರು. 60ರ ಆಸುಪಾಸಿನ ಮನುಷ್ಯ ಶಿಕ್ಷಕರನ್ನು ಇಟ್ಟುಕೊಂಡು ಸ್ವರ ಅಭ್ಯಾಸ ಮಾಡಿದ್ದು ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ, ಪಾಪ. ಪುಸ್ತಕಕ್ಕೆ ಐದು ವರ್ಷ ಹಿಡಿಯಿತು. ಮೈ ಬಿಟ್ಟಾಗ ಬರೆದರು, ಬಿಡದಾಗ ನಿಲ್ಲಿಸಿದರು.

1956ರ ಅಕ್ಟೋಬರ್ 14ರ ನಾಗಪುರ ನಿಮಗೆಲ್ಲ ಗೊತ್ತು. ಲಕ್ಷಾಂತರ ಜನರ ಎದುರು ವೇದಿಕೆಗೆ ಬಂದಾಗ ಅವರ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ರತ್ತು ಅವರ ಹೆಗಲ ಮೇಲೆ. ನವೆಂಬರ್‌ನಲ್ಲಿ ಕಾಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನ, ಅಲ್ಲಿಂದ ಬರುವಾಗ ಕುಶಿನಗರ, ಸಾರನಾಥ.

ಇಲ್ಲಿ ಒಂದು ಮಾತು, ಕಾಯಿಲೆಯವರಿಗಾಗಿ. ನೋವಿನ ಮಾತ್ರೆಯನ್ನು ತಿಂಗಳಿಗೆ 10-15 ದಿನಕ್ಕಿಂತ ಹೆಚ್ಚು ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು ಎಂದು ವೈದ್ಯರು ಹೇಳುತ್ತಾರೆ. ಹಾಗಾಗಿ ಮಾತ್ರೆ ಹಿಡಿಯದಿದ್ದರೆ ಇನ್ನೊಂದು ನುಂಗುವ ಮೊದಲು ನರರೋಗದ ವೈದ್ಯರಿಗೆ ದಿನಗಳ ಲೆಕ್ಕ ತೋರಿಸಿ. ಖಿನ್ನತೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬದುಕು ಬೇಡ ಅನ್ನಿಸುವ ರಾತ್ರಿ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಹಣ ಇಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಡುರಾತ್ರಿ ಆದರೂ ಸರಿ.

ಡಿಸೆಂಬರ್ 5ರ ರಾತ್ರಿ ರತ್ತು ಅವರ ಕಾಲು ಒತ್ತಿದರು, ತಲೆಗೆ ಎಣ್ಣೆ ಹಚ್ಚಿದರು. ಬಾಬಾಸಾಹೇಬರು ಕಣ್ಣು ಮುಚ್ಚಿ ಬುದ್ಧವಂದನೆ ಗುನುಗಿದರು, ಆಮೇಲೆ ಕಬೀರರ ಒಂದು ಪದ. ಊಟ ಸ್ವಲ್ಪವೇ. ಮಲಗುವ ಮೊದಲು ಪುಸ್ತಕದ ಮುನ್ನುಡಿಯ ಟೈಪು ಪ್ರತಿಗಳನ್ನು ತರಿಸಿ ಹಾಸಿಗೆಯ ಬದಿಯ ಮೇಜಿನ ಮೇಲೆ ಇಡಿಸಿಕೊಂಡರು, ರಾತ್ರಿ ನೋಡಲೆಂದು. ಬೆಳಗ್ಗೆ ಮಾಯಿಸಾಹೇಬರು ಹೋಗಿ ನೋಡುವಾಗ ಅವರು ಇರಲಿಲ್ಲ.

ಆ ವರ್ಷ ಮಾರ್ಚ್‌ನಲ್ಲಿ ಬರೆದಿಟ್ಟ ಮುನ್ನುಡಿಯಲ್ಲಿ ಅವರು ತಮ್ಮ ಕಾಯಿಲೆಯನ್ನು ಮುಚ್ಚಿಟ್ಟಿಲ್ಲ. ವೈದ್ಯರ ಕಣ್ಣಿಗೆ ತಾನು ಆರುವ ದೀಪವಾಗಿದ್ದೆ, ಅದನ್ನು ಮತ್ತೆ ಹೊತ್ತಿಸಿದವರು ಹೆಂಡತಿ ಸವಿತಾ ಮತ್ತು ಡಾ. ಮಾಳವಣಕರ್, ಅವರಿಂದಲೇ ಈ ಪುಸ್ತಕ ಮುಗಿಯಿತು ಎಂಬ ಕೃತಜ್ಞತೆ ಅದರಲ್ಲಿದೆ. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಪುಟಗಳು ಸೇರಲಿಲ್ಲ. 1980ರಲ್ಲಿ ಭಗವಾನ್ ದಾಸ್ ಅವರು ಅಪರೂಪದ ಮುನ್ನುಡಿಗಳನ್ನು ಕೂಡಿಸಿ ಪ್ರಕಟಿಸಿದಾಗಲೇ ಅವು ಓದಲು ಸಿಕ್ಕಿದ್ದು.