ಹಕ್ಕಿಯ ಬೆನ್ನು ಹತ್ತಿದವನು: ವಿಕ್ಟರ್ ಹ್ಯಾಸೆಲ್‌ಬ್ಲಾಡನ ಬಾಳು

ಸ್ವೀಡನ್ ದೇಶದ ಪಶ್ಚಿಮ ತೀರದಲ್ಲಿ ಗಾಥೆನ್‌ಬರ್ಗ್ ಎಂಬುದೊಂದು ರೇವುಪಟ್ಟಣ. ಹಡಗುಗಳಿಂದ ಪರದೇಶದ ಸರಕು ಬಂದಿಳಿಯುವ, ವರ್ತಕ ಮನೆತನಗಳು ತಲೆಮಾರುಗಟ್ಟಲೆ ಒಂದೇ ಅಂಗಡಿಯನ್ನು ನಡೆಸಿಕೊಂಡು ಬಂದ ಊರು ಅದು. ಅಲ್ಲಿ 1841ರಲ್ಲಿ ಹ್ಯಾಸೆಲ್‌ಬ್ಲಾಡ್ ಮನೆತನದವರು ವ್ಯಾಪಾರ ಸಂಸ್ಥೆಯೊಂದನ್ನು ತೆರೆದರು. ಸ್ಥಾಪಕನ ಮಗನಾದ ಆರ್ವಿಡ್ ವಿಕ್ಟರನಿಗೆ ಆಗತಾನೇ ಹಬ್ಬುತ್ತಿದ್ದ ಛಾಯಾಗ್ರಹಣದ ಹುಚ್ಚು ಹಿಡಿದಿತ್ತು. ಅವನು ಸಂಸ್ಥೆಯಲ್ಲಿ ಛಾಯಾಗ್ರಹಣ ಸಾಮಗ್ರಿಗಳಿಗಾಗಿಯೇ ಒಂದು ವಿಭಾಗವನ್ನು ಆರಂಭಿಸಿದನು. ಅದರಿಂದ ಹಣ ಬಾರದಿದ್ದರೂ ತನಗಾದರೂ ಬಿಟ್ಟಿಯಾಗಿ ಚಿತ್ರ ತೆಗೆಯುವ ಅನುಕೂಲ ದೊರೆತೀತು ಎಂಬುದು ಅವನ ಲೆಕ್ಕಾಚಾರವಾಗಿತ್ತೆಂದು ಹೇಳುವುದುಂಟು. ಆ ಲೆಕ್ಕ ತಪ್ಪಿತು. ಅಮೆರಿಕದ ಜಾರ್ಜ್ ಈಸ್ಟ್‌ಮನ್ನನ ಸ್ನೇಹ ಬೆಳೆದು, ಕೊಡಾಕ್ ಸಾಮಗ್ರಿಗಳನ್ನು ಸ್ವೀಡನ್ನಿನಲ್ಲಿ ಮಾರುವ ಹಕ್ಕು ಆ ಮನೆತನಕ್ಕೆ ದೊರೆತಮೇಲೆ ಹಣವು ಹೇರಳವಾಗಿಯೇ ಬಂದಿತು.

ಈ ಆರ್ವಿಡನ ಮೊಮ್ಮಗನೇ ನಮ್ಮ ಕಥಾನಾಯಕ. ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಜನಿಸಿದ್ದು 1906ನೆಯ ಇಸವಿ ಮಾರ್ಚ್ 8ರಂದು. ಸಿರಿವಂತರ ಮನೆಯ ಹುಡುಗ. ಮುಂದೆ ಗದ್ದುಗೆ ಏರಿ ಲೆಕ್ಕಪತ್ರ ನೋಡಿಕೊಂಡಿದ್ದರೆ ಸಾಕಾಗಿತ್ತು. ಆದರೆ ಅವನ ಮನಸ್ಸು ನೆಟ್ಟಿದ್ದು ಹಕ್ಕಿಗಳಲ್ಲಿ. ಆ ದೇಶದಲ್ಲಿ ಚಳಿಗಾಲ ಸಮೀಪಿಸಿದಂತೆ ಹಕ್ಕಿಗಳು ಹಿಂಡು ಹಿಂಡಾಗಿ ದಕ್ಷಿಣಕ್ಕೆ ಹಾರಿಹೋಗುತ್ತವೆ, ವಸಂತದಲ್ಲಿ ಮರಳಿ ಬರುತ್ತವೆ. ಈ ಹೋಗುಬರವನ್ನು ಕಾದು ನೋಡುವುದೂ ಕ್ಯಾಮೆರಾದಲ್ಲಿ ಹಿಡಿಯುವುದೂ ಅವನ ಬಾಲ್ಯದ ಆಟವಾಗಿತ್ತು. ಹಕ್ಕಿಯಾದರೋ ನಿಲ್ಲುವ ವಸ್ತುವಲ್ಲ. ಅಂದಿನ ಒಳ್ಳೆಯ ಕ್ಯಾಮೆರಾಗಳು ಭಾರವಾದವು, ಮೂರು ಕಾಲಿನ ಪೀಠದ ಮೇಲೆ ನಿಲ್ಲಿಸತಕ್ಕವು. ಹಗುರವಾದವು ಮಾಡುವ ಚಿತ್ರವೋ ಅಲ್ಪತೃಪ್ತಿಯದು. ಕೈಯಲ್ಲಿ ಹಿಡಿದು ಹಕ್ಕಿಯ ಬೆನ್ನು ಹತ್ತಬಹುದಾದ, ಆದರೂ ದೊಡ್ಡ ಕ್ಯಾಮೆರಾದಂತಹ ಸ್ಪಷ್ಟಚಿತ್ರವನ್ನು ಕೊಡುವ ಯಂತ್ರವೊಂದು ಬೇಕೆಂಬ ಆಸೆ ಅವನಲ್ಲಿ ಆಗಲೇ ಮೊಳೆಯಿತು.

ಹದಿನೆಂಟನೆಯ ವಯಸ್ಸಿನಲ್ಲಿ ಅವನನ್ನು ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಕಳುಹಿಸಿದರು. ಕ್ಯಾಮೆರಾ ತಯಾರಿಕೆಗೆ ಅದು ಆಗ ತವರು. ಬಳಿಕ ಫ್ರಾನ್ಸು, ಅಮೆರಿಕಗಳಲ್ಲಿಯೂ ಇದೇ ಉದ್ಯಮದ ಒಳಹೊರಗನ್ನು ಕಂಡನು. ಈಸ್ಟ್‌ಮನ್ನನ ರಾಚೆಸ್ಟರ್ ನಗರದ ಕಾರ್ಖಾನೆಯಲ್ಲಿಯೂ ದುಡಿದನು. ಊರಿಗೆ ಮರಳಿ ಕುಟುಂಬದ ಸಂಸ್ಥೆಯನ್ನು ಸೇರಿದನು. 1934ರಲ್ಲಿ ಎರ್ನಾ ನಾಥೋರ್ಸ್ಟ್ ಎಂಬಾಕೆಯನ್ನು ವರಿಸಿದನು. ಮರುವರ್ಷ ವಲಸೆಹಕ್ಕಿಗಳ ದಾರಿಯನ್ನು ಕುರಿತು ತಾನೇ ತೆಗೆದ ಚಿತ್ರಗಳೊಡನೆ ಒಂದು ಪುಸ್ತಕವನ್ನು ಪ್ರಕಟಿಸಿದನು. ಆದರೆ ತಂದೆ ಕಾರ್ಲ್ ಎರಿಕನಿಗೂ ಮಗನಿಗೂ ಹೊಂದಿಕೆಯಾಗಲಿಲ್ಲ. ತಲೆಮಾರುಗಳ ಅಂಗಡಿಯಲ್ಲಿ ಹಿರಿಯರ ಕಾಲದ ಪದ್ಧತಿಗೂ ಹೊರದೇಶ ಕಂಡು ಬಂದ ಮಗನ ಹುಮ್ಮಸ್ಸಿಗೂ ಘರ್ಷಣೆಯಾಗುವುದು ನಮಗೇನೂ ಅಪರಿಚಿತವಲ್ಲ. ವಿಕ್ಟರ್ ಮನೆಯ ಸಂಸ್ಥೆಯಿಂದ ಹೊರಬಿದ್ದನು. 1937ರಲ್ಲಿ ಅದೇ ಊರಿನಲ್ಲಿ ತನ್ನದೇ ಆದ ಛಾಯಾಗ್ರಹಣದ ಅಂಗಡಿಯನ್ನೂ ಸಂಸ್ಕರಣದ ಕತ್ತಲೆಕೋಣೆಯನ್ನೂ ತೆರೆದನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. 1940ರ ಏಪ್ರಿಲಿನಲ್ಲಿ ಜರ್ಮನರು ನೆರೆಯ ನಾರ್ವೆ, ಡೆನ್ಮಾರ್ಕುಗಳ ಮೇಲೆ ದಂಡೆತ್ತಿ ಹೋದರು. ಸ್ವೀಡನ್ ತಟಸ್ಥವಾಗಿದ್ದಿತಾದರೂ ಅದರ ಸೇನೆಗೆ ನಿಶ್ಚಿಂತೆಯಿರಲಿಲ್ಲ. ಆ ದೇಶದಲ್ಲಿ ಕೆಳಗೆ ಬಿದ್ದ ಜರ್ಮನ್ ವಿಮಾನವೊಂದರಲ್ಲಿ ಆಕಾಶದಿಂದ ಚಿತ್ರ ತೆಗೆಯುವ ಕ್ಯಾಮೆರಾ ದೊರೆಯಿತು. ಸೇನಾಧಿಕಾರಿಗಳು ವಿಕ್ಟರನನ್ನು ಕರೆಸಿ, ಅದರ ಪಡಿಯಚ್ಚನ್ನು ಮಾಡಿಕೊಡಲಾದೀತೇ ಎಂದು ಕೇಳಿದರು. ಪಡಿಯಚ್ಚನ್ನು ಮಾಡಲಾಗದು, ಅದಕ್ಕಿಂತ ಉತ್ತಮವಾದುದನ್ನು ಮಾಡಬಲ್ಲೆನೆಂದು ಅವನು ಉತ್ತರವಿತ್ತನೆಂಬುದು ಪ್ರಸಿದ್ಧ ಸಂಗತಿ. ಕೈಯಲ್ಲಿ ಕಾರ್ಖಾನೆಯೂ ಇಲ್ಲದ ಮೂವತ್ತನಾಲ್ಕು ವರ್ಷದ ಅಂಗಡಿಕಾರನ ಬಾಯಲ್ಲಿ ಈ ಮಾತು ಬಂದದ್ದೇ ಒಂದು ಸಾಹಸ. ಮೋಟಾರು ಗಾಡಿಗಳನ್ನು ದುರಸ್ತಿ ಮಾಡುವ ಗ್ಯಾರೇಜೊಂದರ ಬದಿಯ ಕೊಟ್ಟಿಗೆಯಲ್ಲಿ, ಅಲ್ಲಿಯ ಮೆಕ್ಯಾನಿಕನನ್ನೇ ಜೊತೆಗೂಡಿಸಿಕೊಂಡು ಅವನು ಕೆಲಸಕ್ಕೆ ಕೈಯಿಟ್ಟನು. 1941ರಿಂದ 1945ರ ವರೆಗೆ ಸ್ವೀಡನ್ನಿನ ವಾಯುಪಡೆಗೆ ಅವನು ಒಪ್ಪಿಸಿದ ಕ್ಯಾಮೆರಾಗಳ ಸಂಖ್ಯೆ 342. ಈ ನಡುವೆ, 1942ರಲ್ಲಿ, ತಂದೆ ತೀರಿಕೊಂಡನು. ಕುಟುಂಬದ ಸಂಸ್ಥೆಯೂ ಕಾಲಕ್ರಮದಲ್ಲಿ ವಿಕ್ಟರನ ವಶಕ್ಕೆ ಬಂದಿತು.

ಯುದ್ಧ ಮುಗಿದೊಡನೆ ಅವನು ತನ್ನ ಹಳೆಯ ಆಸೆಗೆ ಮರಳಿದನು. ಆ ಆಸೆಯ ಸ್ವರೂಪವನ್ನು ತಿಳಿಯಬೇಕಾದರೆ ಫಿಲ್ಮಿನ ವಿಷಯವಾಗಿ ನಾಲ್ಕು ಮಾತು ಅಗತ್ಯ. ನಮ್ಮ ನೀಲಗಿರಿಯವರಿಗಂತೂ ಇದು ಮನೆಯ ಮಾತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 1967ರಿಂದ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಬೆಟ್ಟದ ತಂಪೂ ಧೂಳಿಲ್ಲದ ಗಾಳಿಯೂ ಆ ಕೆಲಸಕ್ಕೆ ಅನುಕೂಲವಾಗಿದ್ದವು. ಆ ಕಾರ್ಖಾನೆ ಇಂದು ಮುಚ್ಚಿಹೋಗಿದೆ. ಅದರ ಹೆಸರು ಮಾತ್ರ ನಮ್ಮ ಹಿರಿಯರ ನೆನಪಿನಲ್ಲಿದೆ.

ಫಿಲ್ಮೆಂದರೆ ಪಾರದರ್ಶಕವಾದ ಪಟ್ಟಿಯ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆರೆಸಿ ಹಚ್ಚಿದ ಬೆಳ್ಳಿಯ ಲವಣ. ಬೆಳಕು ಸೋಕಿದ ಹರಳುಗಳು ಔಷಧದ ನೀರಿನಲ್ಲಿ ಅದ್ದಿದಾಗ ಕಪ್ಪು ಬೆಳ್ಳಿಯಾಗಿ ಉಳಿಯುತ್ತವೆ. ಹರಳು ದೊಡ್ಡದಾದರೆ ಅಲ್ಪ ಬೆಳಕೂ ಸಾಕು. ಆದರೆ ಚಿತ್ರವನ್ನು ಹಿಗ್ಗಿಸಿದಾಗ ರವೆ ಚೆಲ್ಲಿದಂತೆ ಕಣಗಳು ಕಣ್ಣಿಗೆ ಹೊಡೆಯುತ್ತವೆ. ಹರಳು ಸಣ್ಣದಾದರೆ ಚಿತ್ರವು ಮೈದಾಹಿಟ್ಟಿನಂತೆ ನುಣುಪು, ಎಲೆಯ ನರವೂ ಗರಿಯ ಎಳೆಯೂ ಬೇರೆ ಬೇರೆಯಾಗಿ ಕಾಣುವಷ್ಟು ನವುರು. ಆದರೆ ಅದು ಬೇಡುವ ಬೆಳಕು ಬಹಳ. ವೇಗ ಬೇಕೆಂದರೆ ನುಣುಪು ಹೋಯಿತು, ನುಣುಪು ಬೇಕೆಂದರೆ ವೇಗ ಹೋಯಿತು.

ಇದರ ಜೊತೆಗೆ ನೆಗೆಟಿವಿನ ಅಳತೆಯ ಪ್ರಶ್ನೆಯೂ ಇದೆ. ಸಿನಿಮಾ ಫಿಲ್ಮನ್ನು ಬಳಸುವ ಸಣ್ಣ ಕ್ಯಾಮೆರಾದ ನೆಗೆಟಿವಿನ ಅಳತೆ 24 ಮಿಲಿಮೀಟರಿಗೆ 36. ನಮ್ಮಲ್ಲಿ ಎಷ್ಟೋ ಮನೆಗಳು ಕಂಡಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾಕ್ಕೆ ಹಾಕುತ್ತಿದ್ದ 120 ಸಂಖ್ಯೆಯ ಅಗಲದ ರೋಲಿನಲ್ಲಿ ಚಿತ್ರವು ಚೌಕವಾಗಿ, ಪಕ್ಕಕ್ಕೆ 56 ಮಿಲಿಮೀಟರಿನಷ್ಟಿರುತ್ತದೆ. ಒಂದು ರೋಲಿಗೆ ಹನ್ನೆರಡೇ ಚಿತ್ರ. ವಿಸ್ತೀರ್ಣದಲ್ಲಿ ಇದು ಸಣ್ಣದರ ಮೂರೂವರೆ ಪಟ್ಟಿಗೂ ಮಿಗಿಲು. 30 ಸೆಂಟಿಮೀಟರಿನ ಚೌಕಪಟ ಬೇಕಾದರೆ ಸಣ್ಣ ನೆಗೆಟಿವನ್ನು ಹನ್ನೆರಡೂವರೆ ಪಟ್ಟು ಹಿಗ್ಗಿಸಬೇಕು, ಚೌಕ ನೆಗೆಟಿವನ್ನು ಐದೂವರೆ ಪಟ್ಟು ಹಿಗ್ಗಿಸಿದರೆ ಸಾಕು. ಹಿಗ್ಗಿಸುವುದು ಕಡಿಮೆಯಾದಷ್ಟೂ ಕಣ ಕಾಣುವುದು ಕಡಿಮೆ. ಈ ಮಧ್ಯಮ ಅಳತೆಯ ರೋಲಿನಲ್ಲಿ ಸಣ್ಣಕಣದ ಕಪ್ಪು-ಬಿಳುಪು ಫಿಲ್ಮನ್ನು ಹಾಕಿ, ನಿಧಾನವಾಗಿ, ಎಚ್ಚರದಿಂದ ತೆಗೆದ ಚಿತ್ರಕ್ಕೆ ಸಮನಾದುದು ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಆ ಕಾಲಕ್ಕೆ ಬೇರೊಂದಿರಲಿಲ್ಲ.

ವಿಕ್ಟರ್ ಈ ಚೌಕವನ್ನೇ ಆರಿಸಿಕೊಂಡನು. ಅವನ ಕ್ಯಾಮೆರಾ ಒಂದು ಪುಟ್ಟ ಪೆಟ್ಟಿಗೆ. ಮುಂದೆ ಕಳಚಿ ಬದಲಿಸಬಹುದಾದ ಮಸೂರ. ಒಳಗೆ ಓರೆಯಾದ ಕನ್ನಡಿ. ಮೇಲೆ ತಲೆತಗ್ಗಿಸಿ ನೋಡುವ ಗಾಜು. ಹಿಂದೆ ಫಿಲ್ಮಿನ ಡಬ್ಬಿ. ಈ ಡಬ್ಬಿಯೇ ಅದರ ಜಾಣತನ. ರೋಲು ಅರ್ಧಕ್ಕೆ ಬಂದಿರುವಾಗಲೇ ಅದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. ಒಂದು ಡಬ್ಬಿಯಲ್ಲಿ ಬಿಸಿಲಿಗೆ ತಕ್ಕ ಸಣ್ಣಕಣದ ಫಿಲ್ಮು, ಇನ್ನೊಂದರಲ್ಲಿ ಮಬ್ಬಿಗೆ ತಕ್ಕ ವೇಗದ ಫಿಲ್ಮು, ಒಂದೂ ಹಾಳಾಗದು. ಹೊರಮೈಯ ರೂಪವನ್ನು ತಿದ್ದಿಕೊಟ್ಟವನು ಸಾಬ್ ಮೋಟಾರು ಗಾಡಿಗೆ ರೂಪವಿತ್ತ ಸಿಕ್ಸ್‌ಟೆನ್ ಸಾಸನ್ ಎಂಬ ಕಲಾವಿದ. 1948ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ಈ ಯಂತ್ರವನ್ನು ಲೋಕಕ್ಕೆ ತೋರಿಸಲಾಯಿತು. ಅದರ ಹೆಸರು 1600ಎಫ್. ಸೆಕೆಂಡಿನ 1600ರಲ್ಲಿ ಒಂದು ಭಾಗದಷ್ಟು ಅಲ್ಪಕಾಲ ಮಾತ್ರ ತೆರೆದು ಮುಚ್ಚುವ ಲೋಹದ ತೆರೆ ಅದರೊಳಗಿತ್ತು. ರೆಕ್ಕೆಯ ಬಡಿತವನ್ನು ಹಿಡಿಯಹೊರಟವನಿಗೆ ಈ ಸಂಖ್ಯೆ ಎಷ್ಟು ಪ್ರಿಯವಾಗಿದ್ದಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಆದರೆ ಆ ತೆರೆಯೇ ಅವನಿಗೆ ಮುಳ್ಳಾಯಿತು. ಅಷ್ಟು ವೇಗವನ್ನು ಆ ತೆಳುತಗಡು ತಾಳದಾಯಿತು. ಮಾರಾಟವಾದ ಕ್ಯಾಮೆರಾಗಳು ದುರಸ್ತಿಗೆಂದು ಮರಳಿ ಬರತೊಡಗಿದವು. ಹೊಸಬನ ಮೊದಲ ವಸ್ತು ಹೀಗೆ ಹಿಂದಿರುಗಿ ಬಂದರೆ ಅಂಗಡಿ ಮುಚ್ಚುವವರೇ ಹೆಚ್ಚು. ವಿಕ್ಟರ್ ಮುಚ್ಚಲಿಲ್ಲ, ವಾದಿಸಲೂ ಇಲ್ಲ. ಕೆಲವು ವರ್ಷಗಳಲ್ಲಿ 1000ಎಫ್ ಎಂಬ ಇನ್ನೊಂದನ್ನು ಹೊರತಂದನು. ಅದರ ವೇಗ ಸಾವಿರದಲ್ಲಿ ಒಂದು. ಅದೂ ಅವನಿಗೆ ತೃಪ್ತಿಕೊಡಲಿಲ್ಲ. ಕಡೆಗೆ ತೆರೆಯನ್ನೇ ತೆಗೆದುಹಾಕಿ, ಜರ್ಮನಿಯ ಝೈಸ್ ಸಂಸ್ಥೆಯ ಮಸೂರಗಳೊಳಗೇ ಎಸಳಿನಂತೆ ತೆರೆದುಕೊಳ್ಳುವ ಕಾಂಪರ್ ಷಟರನ್ನು ಅಳವಡಿಸಿದನು. 1957ರಲ್ಲಿ ಹೊರಬಂದ ಆ ಕ್ಯಾಮೆರಾದ ಹೆಸರು 500ಸಿ. ವೇಗ ಐನೂರರಲ್ಲಿ ಒಂದಕ್ಕಿಳಿಯಿತು. ಕ್ಯಾಮೆರಾದ ಹೆಸರಿನೊಳಗಿನ ಸಂಖ್ಯೆ ಇಳಿದಷ್ಟೂ ಅದರ ಮೇಲಿನ ನಂಬಿಕೆ ಏರಿತು. ಹಕ್ಕಿಗಾಗಿ ಬಯಸಿದ ಮಿಂಚಿನ ವೇಗವನ್ನು ಅವನು ಹೀಗೆ ಕೈಬಿಟ್ಟದ್ದೇ ನನ್ನ ದೃಷ್ಟಿಯಲ್ಲಿ ಅವನ ಬಾಳಿನ ದೊಡ್ಡ ಘಟ್ಟ. ಮಾರಾಟದ ಜಾಹೀರಾತಿಗೆ ದೊಡ್ಡ ಸಂಖ್ಯೆಯೇ ಚೆನ್ನ. ಅದನ್ನು ತಾನಾಗಿ ಇಳಿಸಿಕೊಳ್ಳುವ ವರ್ತಕ ಅಪರೂಪ. ಆ 500ಸಿ ಹಾಕಿಕೊಟ್ಟ ಮೇಲ್ಪಂಕ್ತಿಯ ಕ್ಯಾಮೆರಾಗಳು 2013ರ ವರೆಗೂ ತಯಾರಾದವು.

ನಿಂತ ವಸ್ತುವನ್ನು ಧ್ಯಾನದಿಂದ ನೋಡುವವರಿಗೆ ಈ ಪೆಟ್ಟಿಗೆ ಹೇಳಿಮಾಡಿಸಿದಂತಾಯಿತು. ಅಮೆರಿಕದ ಪರ್ವತಗಳ ಚಿತ್ರಕಾರನೆಂದು ಹೆಸರಾದ ಆನ್ಸೆಲ್ ಆಡಮ್ಸ್ ಮೊದಮೊದಲಿನ ಕ್ಯಾಮೆರಾಗಳನ್ನೇ ಪರೀಕ್ಷಿಸಿ, ಅವುಗಳ ಗುಣದೋಷಗಳನ್ನು ವಿಕ್ಟರನಿಗೆ ಬರೆದು ತಿಳಿಸುತ್ತಿದ್ದನು. ಆಡಮ್ಸ್ ಸಾಮಾನ್ಯವಾಗಿ ಹೊರುತ್ತಿದ್ದುದು ಭಾರೀ ಕ್ಯಾಮೆರಾಗಳನ್ನು. ಆದರೂ 1960ರಲ್ಲಿ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಪಕ್ಕದಲ್ಲಿ ಚಂದ್ರೋದಯವನ್ನು ಅವನು ಹಿಡಿದದ್ದು ಹ್ಯಾಸೆಲ್‌ಬ್ಲಾಡಿನಲ್ಲಿ, ದೂರದೃಷ್ಟಿಯ ಮಸೂರವನ್ನಿಟ್ಟು, ಪ್ಯಾನಟಾಮಿಕ್-ಎಕ್ಸ್ ಎಂಬ ಕೊಡಾಕಿನ ಸಣ್ಣಕಣದ ಕಪ್ಪು-ಬಿಳುಪು ಫಿಲ್ಮಿನಲ್ಲಿ. ಕಪ್ಪಾದ ನೆರಳಿನ ಗೋಡೆ, ಬಿಸಿಲು ಬಿದ್ದ ಕಲ್ಲಿನ ಸೀಳುಗಳು, ಮೇಲೆ ನುಣ್ಣನೆಯ ಆಕಾಶದಲ್ಲಿ ತುಂಬುತ್ತಿರುವ ಚಂದ್ರ. ಆಕಾಶದಂತಹ ಬರಿಯ ಬಯಲಿನಲ್ಲಿಯೇ ಕಣದ ಒರಟು ಎದ್ದು ಕಾಣುವುದು. ಈ ಚಿತ್ರದಲ್ಲಿ ಅದು ಕಾಣದು.

ಅದೇ ಚಂದ್ರನ ಮೇಲೆ ಮುಂದೆ ಈ ಪೆಟ್ಟಿಗೆಯೇ ಇಳಿಯುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1962ರಲ್ಲಿ ವಾಲ್ಟರ್ ಶಿರಾ ಎಂಬ ಅಮೆರಿಕದ ಗಗನಯಾತ್ರಿ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ 500ಸಿ ಕ್ಯಾಮೆರಾವನ್ನು ಕೊಂಡನು. ಅದರ ಹೊಳಪು ಪ್ರತಿಫಲಿಸದಂತೆ ಕಪ್ಪು ಬಳಿಸಿ ಅಕ್ಟೋಬರ್ 3ರಂದು ತನ್ನೊಡನೆ ಆಕಾಶಕ್ಕೆ ಒಯ್ದನು. ಸುದ್ದಿ ತಿಳಿದ ಗಾಥೆನ್‌ಬರ್ಗಿನವರು ತಾವಾಗಿಯೇ ಅಮೆರಿಕದ ನಾಸಾ ಸಂಸ್ಥೆಗೆ ನೆರವು ನೀಡಲು ಮುಂದೆ ಬಂದರು. 1969ರ ಜುಲೈ 20ರಂದು ಅಪೊಲೊ 11ರ ಯಾತ್ರಿಕರು ಚಂದ್ರನ ನೆಲದ ಮೇಲೆ ಬಳಸಿದ್ದು ಅದಕ್ಕೆಂದೇ ಸಿದ್ಧಪಡಿಸಿದ ಹ್ಯಾಸೆಲ್‌ಬ್ಲಾಡ್. ಆ ಚಿತ್ರಗಳಲ್ಲಿ ಅಲ್ಲಲ್ಲಿ ಕಾಣುವ ಕೂಡುವ ಗುರುತಿನಂತಹ ಸಣ್ಣ ಗೆರೆಗಳು ಅಚ್ಚಿನ ದೋಷವಲ್ಲ. ಅಳತೆಗಾಗಿ ಕ್ಯಾಮೆರಾದೊಳಗಿನ ಗಾಜಿನ ಫಲಕದ ಮೇಲೆ ಕೊರೆದವು. ಅಪೊಲೊ ಯಾತ್ರೆಗಳಲ್ಲಿ ಬಣ್ಣದ ಫಿಲ್ಮಿನ ಜೊತೆಗೆ, ಆಡಮ್ಸ್ ನೆಚ್ಚಿದ್ದ ಪ್ಯಾನಟಾಮಿಕ್-ಎಕ್ಸಿನ ಕುಲಕ್ಕೇ ಸೇರಿದ ತೆಳುಪಟ್ಟಿಯ ಕಪ್ಪು-ಬಿಳುಪು ಫಿಲ್ಮೂ ಹೋಗಿತ್ತು. ಮರಳುವಾಗ ಕಲ್ಲುಮಣ್ಣಿನ ಭಾರಕ್ಕೆ ಎಡೆಮಾಡಲು ಫಿಲ್ಮಿನ ಡಬ್ಬಿಯನ್ನಷ್ಟೇ ಕಳಚಿಕೊಂಡು ಕ್ಯಾಮೆರಾವನ್ನು ಅಲ್ಲಿಯೇ ಬಿಟ್ಟರು. ಎಲ್ಲ ಯಾತ್ರೆಗಳದೂ ಸೇರಿ ಹನ್ನೆರಡು ಪೆಟ್ಟಿಗೆಗಳು ಚಂದ್ರನ ಧೂಳಿನಲ್ಲಿವೆಯೆಂದು ಎಣಿಕೆ. ಡಬ್ಬಿಯನ್ನು ಕಳಚಿಕೊಳ್ಳುವ ಹಳೆಯ ಉಪಾಯ ಎಲ್ಲಿಯ ಉಪಯೋಗಕ್ಕೆ ಬಂದಿತು ನೋಡಿ! ನಮ್ಮ ಬೆಟ್ಟದ ಫಿಲ್ಮಿಗೆ ‘ಇಂದು’ವೆಂದು ಹೆಸರಿಟ್ಟವರ ಮನಸ್ಸಿನಲ್ಲಿ ಚಂದ್ರನಿದ್ದನೋ ಇಲ್ಲವೋ, ಫಿಲ್ಮಿಗೂ ಚಂದ್ರನಿಗೂ ನಂಟಾದದ್ದಂತೂ ನಿಜ.

ಇಷ್ಟು ಕೀರ್ತಿ ಬಂದಮೇಲೆಯೂ ವಿಕ್ಟರ್ ಹಕ್ಕಿಗಳನ್ನು ಬಿಡಲಿಲ್ಲ. ದಂಪತಿಗಳಿಗೆ ಮಕ್ಕಳಿರಲಿಲ್ಲ. 1976ರಲ್ಲಿ ಕ್ಯಾಮೆರಾ ಸಂಸ್ಥೆಯನ್ನು ಮಾರಿದನು. 1978ರ ಆಗಸ್ಟ್ 5ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನ ಇಚ್ಛೆಯಂತೆ ಮರುವರ್ಷ ಆಸ್ತಿಯ ಬಹುಭಾಗದಿಂದ ಎರ್ನಾ ಮತ್ತು ವಿಕ್ಟರರ ಹೆಸರಿನ ಪ್ರತಿಷ್ಠಾನವೊಂದು ಗಾಥೆನ್‌ಬರ್ಗಿನಲ್ಲಿ ಸ್ಥಾಪಿತವಾಯಿತು. ಎರ್ನಾ 1983ರಲ್ಲಿ ಗತಿಸಿದಳು. ಪ್ರತಿಷ್ಠಾನವು 1980ರಿಂದ ಜಗತ್ತಿನ ಶ್ರೇಷ್ಠ ಛಾಯಾಗ್ರಾಹಕರಿಗೆ ಪ್ರಶಸ್ತಿಯನ್ನು ನೀಡುತ್ತ ಬಂದಿದೆ. 1981ರಲ್ಲಿ ಅದನ್ನು ಪಡೆದವನು ಆನ್ಸೆಲ್ ಆಡಮ್ಸ್. 2022ರಲ್ಲಿ ಅದು ಮೊದಲ ಬಾರಿಗೆ ಭಾರತಕ್ಕೆ ಬಂದಿತು. ಪಡೆದವರು ದೆಹಲಿಯ ದಯಾನಿತಾ ಸಿಂಗ್. ಅವರು ಹೆಸರು ಗಳಿಸಿದ್ದೂ ಹ್ಯಾಸೆಲ್‌ಬ್ಲಾಡಿನ ಚೌಕದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳಿಂದಲೇ.