ಟೆಲಿಫೋನ್ ಕಂಡುಹಿಡಿದ ಕಿವುಡರ ಮೇಷ್ಟ್ರು

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದರೆ ಟೆಲಿಫೋನ್ ಕಂಡುಹಿಡಿದವರು ಅಂತ ನಾವೆಲ್ಲ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಆದರೆ ಅವರ ಕಸುಬು ಮೇಷ್ಟ್ರುಗಿರಿ, ಅದೂ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವುದು ಅಂತ ಎಷ್ಟು ಜನಕ್ಕೆ ಗೊತ್ತು?

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿ ಎಲಿಜಾಗೆ ಕಿವಿ ಬಹಳ ಮಂದ. ಮಿಕ್ಕವರು ಆಕೆಯ ಕಿವಿಗೊಳವೆಯಲ್ಲಿ ಮಾತಾಡಿದರೆ, ಈ ಹುಡುಗ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಆಕೆಗೆ ತಿಳೀತಿತ್ತು. ತಂದೆ ಉಚ್ಚಾರಣೆ ಕಲಿಸುವ ಪಂಡಿತರು. ಇಬ್ಬರು ಸಹೋದರರೂ ಕ್ಷಯದಿಂದ ತೀರಿಕೊಂಡ ಮೇಲೆ 1870ರಲ್ಲಿ ಸಂಸಾರ ಕೆನಡಾಕ್ಕೆ ಹೋಯಿತು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್ನಿನ ಕಿವುಡರ ಶಾಲೆಯಲ್ಲಿ ಕಲಿಸತೊಡಗಿದರು.

ಬಾಸ್ಟನ್ನಿನಲ್ಲಿ ಅವರ ಹತ್ತಿರ ಪಾಠಕ್ಕೆ ಬಂದವರು ಮೇಬಲ್ ಹಬ್ಬರ್ಡ್. ಐದನೇ ವಯಸ್ಸಿಗೆ ಜ್ವರ ಬಂದು ಆಕೆಯ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಬೆಲ್‌ಗೆ ಹಗಲು ಪಾಠ, ರಾತ್ರಿ ತಂತಿ ಬ್ಯಾಟರಿಗಳ ಗೀಳು. 1876ರ ಮಾರ್ಚ್ 7ರಂದು ಪೇಟೆಂಟ್ ಸಿಕ್ಕಿತು. ಮೂರು ದಿನ ಬಿಟ್ಟು, ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ಗೆ ಅವರ ಕರೆ ತಂತಿಯಲ್ಲಿ ಕೇಳಿಸಿತು. 1877ರಲ್ಲಿ ಮೇಬಲ್ ಜೊತೆ ಮದುವೆ. ಕಂಪನಿಯ ತಮ್ಮ ಷೇರುಗಳಲ್ಲಿ ಹತ್ತು ಮಾತ್ರ ಇಟ್ಟುಕೊಂಡು ಮಿಕ್ಕಿದ್ದೆಲ್ಲ ಹೆಂಡತಿಗೆ ಕೊಟ್ಟುಬಿಟ್ಟರು. ಆದರೆ ಆ ಟೆಲಿಫೋನಿನಲ್ಲಿ ಆಕೆಗೆ ಒಂದು ಮಾತೂ ಕೇಳುವಂತಿರಲಿಲ್ಲ.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ, ಕಿವಿ ಮಂದವಾದ ಅಜ್ಜ ಅಜ್ಜಿ ಇರೋ ಮನೆಯವರು ಗಮನವಿಟ್ಟು ಓದ್ರಿ. ಬೆಲ್ ಟೆಲಿಫೋನಿನಲ್ಲಿ ಅಯಸ್ಕಾಂತ, ತಂತಿ ಸುರುಳಿ ಇದ್ದವು. ಅಂಥ ರಿಸೀವರಿನಿಂದ ಕಾಂತಕ್ಷೇತ್ರ ಸ್ವಲ್ಪ ಹೊರಗೆ ಸೋರುತ್ತದೆ. ಮುಂದೆ ಬಂದ ಶ್ರವಣಯಂತ್ರಗಳಲ್ಲಿ ಅದನ್ನು ಹಿಡಿಯೋ ಪುಟ್ಟ ಸುರುಳಿ ಇಟ್ಟರು. ಅದೇ ಟೆಲಿಕಾಯಿಲ್, ಅಂದರೆ 'ಟಿ' ಗುಂಡಿ. ಅದಕ್ಕೆ ತಿರುಗಿಸಿ ಮೈಕು ಬಂದ್ ಆದರೆ ಸುತ್ತಲಿನ ಗದ್ದಲವಿಲ್ಲ, ಕುಂಯ್ ಅನ್ನೋ ಸೀಟಿಯೂ ಇಲ್ಲ. ಈಗ ಬ್ಲೂಟೂತ್ ಯಂತ್ರಗಳಲ್ಲಿ ಫೋನಿನ ಮಾತು ಎರಡೂ ಕಿವಿಗೆ ನೇರವಾಗಿ ಬರುತ್ತೆ, ಆದರೆ ಎಲ್ಲಾ ಯಂತ್ರ ಎಲ್ಲಾ ಮೊಬೈಲಿಗೂ ಹೊಂದಲ್ಲ. ಅದಕ್ಕೇ ದುಡ್ಡು ಕೊಡೋ ಮುಂಚೆ ಮನೆಯ ಫೋನನ್ನೇ ಒಯ್ದು, ಯಾರಿಂದಾದರೂ ಕರೆ ಮಾಡಿಸಿ ನೋಡಬೇಕು. ಕಿವಿ ಹಿಂದೆ ಇಡೋ ಯಂತ್ರವಾದರೆ ಫೋನನ್ನು ಕಿವಿ ತೂತಿಗಲ್ಲ, ತುಸು ಮೇಲೆ, ಯಂತ್ರದ ಹತ್ತಿರ ಹಿಡೀಬೇಕು.

1886ರಲ್ಲಿ ಕಣ್ಣು ಕಿವಿ ಎರಡೂ ಇಲ್ಲದ ಆರು ವರ್ಷದ ಹೆಲೆನ್ ಕೆಲರ್‌ಳನ್ನು ತಂದೆ ಬೆಲ್ ಹತ್ತಿರ ಕರೆತಂದರು. ಬೆಲ್ ತೋರಿಸಿದ ದಾರಿಯಿಂದಲೇ ಆಕೆಗೆ ಆನ್ ಸಲಿವನ್ ಎಂಬ ಗುರು ಸಿಕ್ಕಿದರು. ಆದರೆ ಕಿವುಡ ಮಕ್ಕಳಿಗೆ ಕೈಸನ್ನೆಯ ಭಾಷೆ ಬೇಡ, ಬಾಯಿಂದಲೇ ಮಾತು ಕಲಿಯಲಿ ಅನ್ನೋದು ಬೆಲ್ ಹಟ. ಕಿವುಡರು ಕಿವುಡರನ್ನೇ ಮದುವೆಯಾಗೋದೂ ಅವರಿಗೆ ಒಪ್ಪಿಗೆ ಇರಲಿಲ್ಲ. ಇದಕ್ಕಾಗಿ ಎಷ್ಟೋ ಕಿವುಡರಿಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಆ ಸಿಟ್ಟು ನ್ಯಾಯವೇ ಅಂತ ನನಗನ್ನಿಸುತ್ತೆ. ತಾಯಿ ಜೊತೆ ಬೆರಳಿನ ಅಕ್ಷರಗಳಲ್ಲೂ ಮಾತಾಡಿದ್ದವರು ಅವರು!

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಸುಮ್ಮನಿದ್ದವು. ಮರುವರ್ಷ ಜನವರಿಯಲ್ಲಿ ಮೇಬಲ್ ಕೂಡ ಹೋದರು.